ಕುಡಿಯುವ ನೀರು, ಕತ್ತಿನ ಬೆನ್ನುಹುರಿ ಮತ್ತು ತಡವಾಗುವ ಶಸ್ತ್ರಚಿಕಿತ್ಸೆ

ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗುವುದಿಲ್ಲ. ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯುವುದಿಲ್ಲ. ನಡಿಗೆ ತಡವರಿಸುತ್ತದೆ. ಇಂತಹ ದೂರು ಹೇಳುವವರಿಗೆ ಹಳ್ಳಿಗಳಲ್ಲಿ ಸಿಗುವ ಸಾಮಾನ್ಯ ಉತ್ತರ 'ವಾಯು' ಅಥವಾ 'ವಯಸ್ಸಾಯಿತು' ಎಂಬುದು. ಆದರೆ ಕತ್ತಿನಲ್ಲಿ ಬೆನ್ನುಹುರಿ ಹಾದುಹೋಗುವ ನಾಳ ಕಿರಿದಾಗಿ, ಹುರಿಯ ಮೇಲೆ ಒತ್ತಡ ಬಿದ್ದಾಗ ಕಾಣುವ ಲಕ್ಷಣಗಳೂ ಇವೇ. ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಹೀಗೆ ಅನುಮಾನಿಸಲು ಇನ್ನೊಂದು ಕಾರಣವೂ ಉಂಟು. ಅದು ಕುಡಿಯುವ ನೀರು.

ಮಳೆ ಕಡಿಮೆಯಿರುವ ಈ ಗಡಿ ತಾಲ್ಲೂಕುಗಳು ದಶಕಗಳಿಂದ ಕೊಳವೆಬಾವಿಗಳನ್ನೇ ನೆಚ್ಚಿಕೊಂಡು ಬಂದಿವೆ. ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಈ ಮಿತಿ ದಾಟಿದ ಕೊಳವೆಬಾವಿಗಳು ಎರಡೂ ತಾಲ್ಲೂಕುಗಳಲ್ಲಿವೆ. ಮಕ್ಕಳ ಹಲ್ಲಿನ ಕಂದು ಕಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂಳೆಯೊಳಗಿನ ಹಾನಿ ಕಾಣುವುದಿಲ್ಲ. ವರ್ಷಗಟ್ಟಲೆ ಇಂತಹ ನೀರು ಕುಡಿದವರಲ್ಲಿ ಮೂಳೆ ದಪ್ಪವಾಗಿ, ಬೆನ್ನೆಲುಬನ್ನು ಹಿಡಿದಿಡುವ ಅಸ್ಥಿರಜ್ಜುಗಳು ತಾವೇ ಮೂಳೆಯಾಗಿ, ನಾಳವನ್ನು ಇಕ್ಕಟ್ಟುಗೊಳಿಸಬಹುದು. ಈ ಕಾಯಿಲೆ ನರಗಳನ್ನೂ ಬಾಧಿಸುತ್ತದೆಂದು ಅಂದಿನ ಮದ್ರಾಸ್ ಪ್ರಾಂತ್ಯದ ವೈದ್ಯರು 1937ರಷ್ಟು ಹಿಂದೆಯೇ ದಾಖಲಿಸಿದ್ದರು.

ಹಾಗೆಂದು ಎಲ್ಲಕ್ಕೂ ನೀರನ್ನೇ ದೂರುವಂತಿಲ್ಲ. ಜಗತ್ತಿನಾದ್ಯಂತ ಕತ್ತಿನ ನಾಳ ಕಿರಿದಾಗಲು ಮುಖ್ಯ ಕಾರಣ ವಯೋಸಹಜ ಸವೆತ. ಕಾರಣ ಯಾವುದೇ ಇರಲಿ, ಹುರಿಯ ಮೇಲಿನ ಒತ್ತಡವನ್ನು ಮಾತ್ರೆಯಾಗಲಿ, ಎಣ್ಣೆ ತಿಕ್ಕುವುದಾಗಲಿ ತೆಗೆಯಲಾರದು. ಮಧ್ಯಮ ಮತ್ತು ತೀವ್ರ ಹಂತದವರಿಗೆ ಶಸ್ತ್ರಚಿಕಿತ್ಸೆಯೇ ಸೂಕ್ತವೆಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಒಂದೆರಡು ಕಡೆ ಮಾತ್ರ ಒತ್ತಡವಿದ್ದರೆ ಸಾಮಾನ್ಯವಾಗಿ ಕತ್ತಿನ ಮುಂಭಾಗದಿಂದ ಡಿಸ್ಕ್ ತೆಗೆದು ಮೂಳೆಗಳನ್ನು ಬೆಸೆಯುತ್ತಾರೆ. ಹಲವು ಕಡೆ ಇದ್ದರೆ ಹಿಂಭಾಗದಿಂದ ಮೂಳೆಯ ಕಮಾನನ್ನು ತೆಗೆಯುತ್ತಾರೆ, ಇಲ್ಲವೇ ಬಾಗಿಲಿನಂತೆ ತೆರೆದು ನಿಲ್ಲಿಸುತ್ತಾರೆ. ಫ್ಲೋರೈಡ್‌ನಿಂದ ಗಡುಸಾದ ಮೂಳೆಯಲ್ಲಿ ಈ ಕೆಲಸ ಇನ್ನಷ್ಟು ಕಷ್ಟ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಶಸ್ತ್ರಚಿಕಿತ್ಸೆಯ ಮೊದಲ ಉದ್ದೇಶ ರೋಗ ಮುಂದುವರಿಯದಂತೆ ತಡೆಯುವುದು. ಬೇಗ ಬಂದವರಲ್ಲಿ ಕೈಕಾಲಿನ ಶಕ್ತಿ ಸಾಕಷ್ಟು ಮರಳುತ್ತದೆ. ಹಾಸಿಗೆ ಹಿಡಿದ ಮೇಲೆ ಬಂದವರಲ್ಲಿ ಕಳೆದುಹೋದದ್ದು ಪೂರ್ಣವಾಗಿ ಮರಳುವುದು ಅಪರೂಪ. ರೇಷ್ಮೆ ಸೀರೆ ನೇಯುವ ಮೊಳಕಾಲ್ಮುರಿನ ನೇಕಾರನಿಗೆ ಬೆರಳಿನ ಚಳಕವೇ ಅನ್ನ. ಅದನ್ನು ಕಳೆದುಕೊಂಡ ಮೇಲೆ ದೊರೆಯುವ ಚಿಕಿತ್ಸೆ ಅವನ ಮಗ್ಗವನ್ನು ಉಳಿಸದು.

ಹಣದ ಅಡಚಣೆಗೆ ಒಂದು ಮಟ್ಟಿನ ಪರಿಹಾರವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ರೋಗವನ್ನೇ ಗುರುತಿಸದಿದ್ದರೆ ಕಾರ್ಡಿನಿಂದೇನು ಪ್ರಯೋಜನ? ಬಳ್ಳಾರಿ, ದಾವಣಗೆರೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ರೋಗಿ ಸಕಾಲದಲ್ಲಿ ತಲುಪಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅನುಮಾನ ಹುಟ್ಟಬೇಕು. ಮುಷ್ಟಿ ಬಿಗಿದು ಬಿಚ್ಚಿಸುವುದು, ನೇರ ಗೆರೆಯಲ್ಲಿ ನಡೆಸುವುದು, ಮುಂಗೈಯ ಒಂದು ಎಕ್ಸ್‌ರೇ: ಇವಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ.

2008–09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮವು ಹಲ್ಲಿನ ಕಲೆ ಎಣಿಸುವುದಕ್ಕೆ ನಿಲ್ಲದೆ ನಡಿಗೆಯನ್ನೂ ಗಮನಿಸುವಂತಾಗಬೇಕು. ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಪ್ರತಿ ಹಟ್ಟಿಯ ನಲ್ಲಿಯಲ್ಲೂ ಹರಿದರೆ ಮುಂದಿನ ತಲೆಮಾರು ಉಳಿದೀತು. ಈಗಾಗಲೇ ತಡವರಿಸುತ್ತಿರುವವರು ಅಲ್ಲಿಯವರೆಗೆ ಕಾಯಲಾರರು.