ಮೂಕಪ್ರಾಣಿಯ ಪರವಾಗಿ ಕೇಳಿ



ನಿಮ್ಮಲ್ಲಿ ಹಲವರ ಮನೆಯಲ್ಲಿ ನಾಯಿಮರಿ ಉಂಟು. ಅದಕ್ಕೆ ವಾಂತಿ, ರಕ್ತಭೇದಿ ಕಂಡರೆ ಪಾರ್ವೋ ರೋಗವಿರಬಹುದು, ತಡಮಾಡುವಂತಿಲ್ಲ. ನಮ್ಮ ಮರಿಯನ್ನು ಅಂದೇ ಉಪನಗರದ ಒಂದು ಚಿಕಿತ್ಸಾಲಯಕ್ಕೆ ಒಯ್ದೆವು. ವೈದ್ಯರು ಮುಟ್ಟಿ ನೋಡಲಿಲ್ಲ, ಸಲೈನ್ ಹಾಕಲಿಲ್ಲ. ಸೂಜಿ ಚುಚ್ಚಿ ಬಿಲ್ಲು ಕೈಗಿತ್ತರು. ಯಾವ ಔಷಧವೆಂದು ಕೇಳಿದರೂ ಬರೆದು ಕೊಡಲಿಲ್ಲ. ಮರುದಿನ ಬೇರೆ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಆ ಚೀಟಿಯನ್ನು. ಮರಿ ಉಳಿಯಲಿಲ್ಲ.

ರೋಗವೇನು, ಕೊಟ್ಟ ಮದ್ದೇನು ಎಂದು ಪಟ್ಟುಹಿಡಿದು ಬರೆಸಿಕೊಳ್ಳಿ. 1984ರ ಕಾಯಿದೆಯಂತೆ ಪಶುವೈದ್ಯರಿಗೆ ನೋಂದಣಿ ಇರಲೇಬೇಕು. ಅದರ ಸಂಖ್ಯೆ ಕೇಳುವುದು ಉದ್ಧಟತನವಲ್ಲ. ಮರಿಗೆ ಆರೆಂಟು ವಾರವಾದಾಗಲೇ ಲಸಿಕೆ ಆರಂಭಿಸಿ, ಮುಂದಿನ ಸೂಜಿಗಳನ್ನೂ ತಪ್ಪಿಸಬೇಡಿ. ನೋವು ಹೇಳಲಾರದ ಜೀವಕ್ಕೆ ನಿಮ್ಮ ಬಾಯೇ ಬಾಯಿ.