ಭೂಮಿಯ ಲಾಭಕ್ಕೂ ತಕ್ಕಡಿ ಬೇಕು

"ಭೂಮಿಗೆ ಹಾಕಿದ ಹಣ ಎಂದೂ ಮುಳುಗದು" ಎಂಬ ಮಾತು ವರ್ತಕ ಮನೆತನಗಳಲ್ಲಿ ಸಿದ್ಧಾಂತದ ಸ್ಥಾನವನ್ನೇ ಪಡೆದಿದೆ. ಅಂಗಡಿಯ ರೋಕಡದಲ್ಲಿ ಐದು ರೂಪಾಯಿ ತಾಳೆಯಾಗದಿದ್ದರೆ ನಿದ್ರೆಗೆಡುವ ವ್ಯಾಪಾರಿಯೇ, ನಿವೇಶನದ ಪ್ರಸ್ತಾಪ ಬಂದೊಡನೆ ಲೆಕ್ಕವನ್ನು ಬದಿಗಿಟ್ಟು, "ಹತ್ತಕ್ಕೆ ಕೊಂಡದ್ದು ಐವತ್ತಾಯಿತು" ಎಂದು ಬೀಗುತ್ತಾನೆ. ಇದು ಲೆಕ್ಕವಲ್ಲ, ಲೆಕ್ಕದ ಭ್ರಮೆ.

ಆ ಮಾತನ್ನೇ ಒರೆಗೆ ಹಚ್ಚಬಹುದು. ಕುಟುಂಬವೊಂದು 2005-06ರಲ್ಲಿ 10 ಲಕ್ಷ ರೂಪಾಯಿಗೆ ನಿವೇಶನ ಕೊಂಡು, ಮುದ್ರಾಂಕ, ನೋಂದಣಿ, ದಲ್ಲಾಳಿಗಳಿಗೆ 1 ಲಕ್ಷ ತೆತ್ತು, 2025-26ರಲ್ಲಿ ಅದನ್ನು 50 ಲಕ್ಷಕ್ಕೆ ಮಾರಿತೆಂದು ಭಾವಿಸೋಣ. ಮಾರುವಾಗ ದಲ್ಲಾಳಿಗೆ 1 ಲಕ್ಷ. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಯಾದುದರಿಂದ, ಹಣದುಬ್ಬರವನ್ನು ಕಳೆದು ಶೇಕಡಾ 20ರಂತೆ ತೆರಿಗೆ ಕಟ್ಟುವ ಸೌಲಭ್ಯ ಈ ಕುಟುಂಬಕ್ಕಿದೆ; ಅದರಂತೆ ತೆರಿಗೆ ಸುಮಾರು 2.85 ಲಕ್ಷ. ಕೈಗೆ ಉಳಿಯುವುದು 46.15 ಲಕ್ಷ. ಹನ್ನೊಂದು ಲಕ್ಷವು ಇಪ್ಪತ್ತು ವರ್ಷಗಳಲ್ಲಿ ಇಷ್ಟಾಗಬೇಕಾದರೆ ಚಕ್ರಬಡ್ಡಿಯ ದರ ಶೇಕಡಾ 7.4 ಮಾತ್ರ. ವರ್ಷವರ್ಷದ ಕಂದಾಯ, ಬೇಲಿ, ಕಾವಲುಗಳ ವೆಚ್ಚವನ್ನು ಕಳೆದರೆ ಇನ್ನೂ ಕಡಿಮೆ. ಇದೇ ಅವಧಿಯಲ್ಲಿ ಸರ್ಕಾರದ ವೆಚ್ಚ ಹಣದುಬ್ಬರ ಸೂಚ್ಯಂಕವು 117ರಿಂದ 376ಕ್ಕೆ ಏರಿದೆ. ಎಂದರೆ ಅಂದಿನ 11 ಲಕ್ಷ ಇಂದಿನ 35 ಲಕ್ಷಕ್ಕೆ ಸಮ. ನಿಜವಾದ ವೃದ್ಧಿ ವರ್ಷಕ್ಕೆ ಶೇಕಡಾ ಒಂದೂವರೆಯನ್ನೂ ಮುಟ್ಟದು. "ಐದು ಪಟ್ಟು" ಎಂಬ ಘೋಷದ ಒಳಗಿರುವ ಕಾಳು ಇಷ್ಟೇ.

ಬಾಡಿಗೆಯ ಕಥೆಯೂ ಭಿನ್ನವಲ್ಲ. ಬೆಂಗಳೂರಿನಲ್ಲಿ 1 ಕೋಟಿಯ ಫ್ಲ್ಯಾಟಿಗೆ ತಿಂಗಳಿಗೆ 25,000 ಬಾಡಿಗೆ ಬಂದರೆ ವರ್ಷಕ್ಕೆ 3 ಲಕ್ಷ. ಒಂದು ತಿಂಗಳು ಮನೆ ಖಾಲಿ ಬಿದ್ದರೆ 25,000 ಹೋಯಿತು. ನಿರ್ವಹಣೆ, ಕಂದಾಯ, ದುರಸ್ತಿಗೆ 50,000 ಹೋಯಿತು. ಕೊಳ್ಳುವಾಗಿನ ಮುದ್ರಾಂಕ ಶುಲ್ಕವೂ, 2025ರ ಆಗಸ್ಟ್ 31ರಿಂದ ಶೇಕಡಾ 2ಕ್ಕೆ ಏರಿದ ನೋಂದಣಿ ಶುಲ್ಕವೂ ಸೇರಿ 7 ಲಕ್ಷಕ್ಕೂ ಮೀರಿ ಬಂಡವಾಳಕ್ಕೆ ಕೂಡುತ್ತವೆ. ಆದಾಯ ತೆರಿಗೆಗೆ ಮೊದಲೇ ಪ್ರತಿಫಲ ಶೇಕಡಾ 2.1.

ಸ್ವಂತ ಹಣದಲ್ಲಿ ಮೋಸಹೋಗುವವನು ತನಗೆ ಮಾತ್ರ ನಷ್ಟ ತಂದುಕೊಳ್ಳುತ್ತಾನೆ. ದೇವದ್ರವ್ಯದ ವಿಶ್ವಸ್ತರಿಗೆ ಆ ಸ್ವಾತಂತ್ರ್ಯವಿಲ್ಲ. 2 ಕೋಟಿ ಬೆಲೆಬಾಳುವ ಮಳಿಗೆಗಳಿಂದ ವರ್ಷಕ್ಕೆ 2.4 ಲಕ್ಷ ಬಾಡಿಗೆ ಪಡೆಯುವ ಟ್ರಸ್ಟಿನ ಪ್ರತಿಫಲ ಶೇಕಡಾ 1.2. ವರದಿಯಲ್ಲಿ ಮಾತ್ರ "ಕೋಟ್ಯಂತರ ಆಸ್ತಿಯ ಸಂಸ್ಥೆ" ಎಂಬ ವೈಭವ. ಅತ್ತ ವಿದ್ಯಾರ್ಥಿ ವೇತನಕ್ಕೆ ಹಣವಿಲ್ಲ, ಬಸದಿಯ ಮಾಡು ಸೋರುತ್ತಿದೆ, ಅರ್ಚಕರ ಸಂಬಳ ಏರಿಲ್ಲ. ಇನ್ನು ಆ ಮಳಿಗೆಯಲ್ಲಿ ಹಳೆಯ ಬಾಡಿಗೆಗೆ ಕುಳಿತವರು ವಿಶ್ವಸ್ತರ ಬಂಧುಗಳೇ ಆಗಿದ್ದರೆ, ಅದನ್ನು ದಾಕ್ಷಿಣ್ಯವೆಂದು ಕರೆಯುವುದು ಶಬ್ದಕ್ಕೆ ಮಾಡುವ ಅಪಚಾರ. ಅದು ದಾನಿಗಳ ಹಣದ ಅಪಹರಣ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವುದಕ್ಕೊಂದು, ಕೊಳ್ಳುವುದಕ್ಕೊಂದು ಅಳತೆ ಇಡುವುದು. ಅಂಗಡಿಗೆ ಒಂದು ತಕ್ಕಡಿ, ಭೂಮಿಗೆ ಇನ್ನೊಂದು ತಕ್ಕಡಿ ಇಡುವವನು ಈ ದೋಷದಿಂದ ಎಷ್ಟು ದೂರ? ಕ್ರಯಪತ್ರದಲ್ಲಿ ಬೆಲೆ ತಗ್ಗಿಸಿ ಬರೆಯುವವನಂತೂ ಕೂಟಲೇಖಕ್ಕೇ ಕೈಹಾಕಿದ್ದಾನೆ.

ಭೂಮಿ ಬೇಡವೆಂಬುದು ಇಲ್ಲಿನ ವಾದವಲ್ಲ. ವಾಸದ ಮನೆಯನ್ನು ಬಡ್ಡಿಯಿಂದ ಅಳೆಯಲಾಗದು. ಬಸದಿಯ ನೆಲ ತಕ್ಕಡಿಗೆ ಏರುವಂಥದೂ ಅಲ್ಲ. ಆದರೆ ಹೂಡಿಕೆಯೆಂದು ಕೊಂಡದ್ದು ಹೂಡಿಕೆಯಾಗಿಯೇ ಲೆಕ್ಕ ಕೊಡಬೇಕು. ಪ್ರತಿ ಟ್ರಸ್ಟೂ ವಾರ್ಷಿಕ ಸಭೆಯ ಮುಂದೆ ಪ್ರತಿಯೊಂದು ಆಸ್ತಿಗೂ ನಾಲ್ಕು ಸಾಲು ಬರೆದಿಡಲಿ: ತಗುಲಿದ ಪೂರ್ಣ ವೆಚ್ಚ, ಇಂದಿನ ಬೆಲೆ, ಖರ್ಚು ಕಳೆದ ಆದಾಯ, ಬಾಡಿಗೆದಾರನ ಹೆಸರು. ಈ ನಾಲ್ಕು ಸಾಲು ಬರೆಯಲು ಹಿಂಜರಿಯುವ ವಿಶ್ವಸ್ತರಿಗೆ ಐದನೆಯ ಸಾಲೊಂದೇ ಉಳಿದಿದೆ, ರಾಜೀನಾಮೆ.