ಕೌಲ್ ಬಜಾರಿನ ನಳಕ್ಕೆ ಯಾವ ದೇಶದ ಪಂಪು?

ಸಂಡೂರಿನ ಬೆಟ್ಟಗಳಲ್ಲಿ ಅದಿರಿದೆ. ಅದನ್ನು ಕರಗಿಸುವ ದೊಡ್ಡ ಉಕ್ಕಿನ ಕಾರ್ಖಾನೆ ತೋರಣಗಲ್ಲಿನಲ್ಲಿದೆ. ತುಂಗಭದ್ರಾ ಜಲಾಶಯ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದ್ದು, ಅದರ ಕಾಲುವೆಗಳು ಜಿಲ್ಲೆಯ ಹೊಲಗಳನ್ನು ಹಾದುಹೋಗುತ್ತವೆ. ಕೊಳವೆಗೆ ಬೇಕಾದ ಲೋಹವೂ ಅದರಲ್ಲಿ ಹರಿಯಬೇಕಾದ ನೀರೂ ಇಷ್ಟು ಸಮೀಪವಿರುವ ಊರು ನಾಡಿನಲ್ಲಿ ಇನ್ನೊಂದಿರಲಾರದು. ಆದರೂ ಬಳ್ಳಾರಿಯ ಕೌಲ್ ಬಜಾರಿನ ಗಲ್ಲಿಗಳಲ್ಲಿ ಬೇಸಿಗೆ ಬಂತೆಂದರೆ ಕೊಡ ಮತ್ತು ಡ್ರಮ್ಮುಗಳ ಸಾಲು ತಪ್ಪಿದ್ದಲ್ಲ. ನೀರು ಬರುವ ದಿನವನ್ನು ನೆನಪಿಟ್ಟುಕೊಂಡು ಕೆಲಸಕ್ಕೆ ರಜೆ ಹಾಕುವುದು ಇಲ್ಲಿನ ದುಡಿಯುವ ಕುಟುಂಬಗಳಿಗೆ ಹೊಸತೂ ಅಲ್ಲ.

ಇಂಥ ಊರಿನ ನೀರು ಸರಬರಾಜು ಯೋಜನೆಗೆ ಪಂಪು, ಕೊಳವೆ, ವಾಲ್ವು, ಮೀಟರುಗಳನ್ನು ಎಲ್ಲಿಂದ ಕೊಳ್ಳಬೇಕು? ಸ್ವದೇಶಿ ಉತ್ಪನ್ನಗಳಿಗೇ ಆದ್ಯತೆ ಎಂಬ ನಿಯಮವನ್ನು ಯಾವ ಸಂದರ್ಭದಲ್ಲಿ ಸಡಿಲಿಸಬಹುದು? ಮೇಲ್ನೋಟಕ್ಕೆ ಇದು ದೆಹಲಿಯ ಕಡತಗಳಿಗೆ ಸೇರಿದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಳದಲ್ಲಿ ನೀರು ಯಾವ ವರ್ಷ ಬರುತ್ತದೆ, ಬಂದ ಮೇಲೆ ಎಷ್ಟು ವರ್ಷ ನಿಲ್ಲದೆ ಬರುತ್ತದೆ ಎಂಬೆರಡೂ ಈ ಪ್ರಶ್ನೆಗೆ ಸಿಗುವ ಉತ್ತರವನ್ನು ಅವಲಂಬಿಸಿವೆ.

ನಿಯಮವೇನೋ ಸ್ಪಷ್ಟವಾಗಿದೆ. ಸರ್ಕಾರಿ ಖರೀದಿಯಲ್ಲಿ ಸ್ವದೇಶಿ ತಯಾರಿಕೆಗೆ ಆದ್ಯತೆ ನೀಡುವ ಆದೇಶವನ್ನು ಕೇಂದ್ರ ಸರ್ಕಾರ 2017ರ ಜೂನ್‌ನಲ್ಲಿ ಹೊರಡಿಸಿತು. 2020ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಲಾಯಿತು. ಅದರಂತೆ ಉತ್ಪನ್ನದ ಮೌಲ್ಯದಲ್ಲಿ ಶೇ 50ರಷ್ಟಾದರೂ ದೇಶದೊಳಗಿನದಾಗಿದ್ದರೆ ಪೂರೈಕೆದಾರರು ಮೊದಲ ದರ್ಜೆಗೆ ಸೇರುತ್ತಾರೆ. ಶೇ 20ರಿಂದ 50ರೊಳಗಿದ್ದರೆ ಎರಡನೇ ದರ್ಜೆಗೆ. ಅದಕ್ಕೂ ಕಡಿಮೆಯಿದ್ದವರು ವಿದೇಶಿ ಪೂರೈಕೆದಾರರಿದ್ದಂತೆ. ₹200 ಕೋಟಿಯೊಳಗಿನ ಖರೀದಿಗೆ ವಿಶೇಷ ಅನುಮತಿಯಿಲ್ಲದೆ ಜಾಗತಿಕ ಟೆಂಡರ್ ಕರೆಯುವಂತಿಲ್ಲ. ಹೊರಗಿನವರು ಅತಿ ಕಡಿಮೆ ದರ ಕೂಗಿದರೂ, ಅವರಿಗಿಂತ ಶೇ 20ರೊಳಗಿನ ಅಂತರದಲ್ಲಿರುವ ಸ್ವದೇಶಿ ತಯಾರಕರಿಗೆ ಅದೇ ದರದಲ್ಲಿ ಪೂರೈಸುವ ಅವಕಾಶ ನೀಡಬೇಕು. ಕೇಂದ್ರದ ಹಣ ಪೂರ್ಣವಾಗಿ ಅಥವಾ ಭಾಗಶಃ ಸೇರಿರುವ ಯೋಜನೆಗಳಲ್ಲಿ ರಾಜ್ಯಗಳು ಮತ್ತು ಸ್ಥಳೀಯ ಸಂಸ್ಥೆಗಳು ಮಾಡುವ ಖರೀದಿಗೂ ಇದು ಅನ್ವಯಿಸುತ್ತದೆ.

ಇದೇ ಆದೇಶದಲ್ಲಿ ಬಿಡುಗಡೆಯ ಬಾಗಿಲೂ ಇದೆ. ಖರೀದಿ ಮಾಡುವ ಇಲಾಖೆ ತನ್ನ ಸಚಿವರ ಒಪ್ಪಿಗೆ ಪಡೆದು, ಕಾರಣಗಳನ್ನು ಲಿಖಿತವಾಗಿ ದಾಖಲಿಸಿ, ಸ್ವದೇಶಿ ಅಂಶದ ಕನಿಷ್ಠ ಮಿತಿಯನ್ನು ಇಳಿಸಬಹುದು; ನಿರ್ದಿಷ್ಟ ಸಾಮಗ್ರಿಗೆ ಪೂರ್ತಿ ವಿನಾಯಿತಿಯನ್ನೂ ಕೊಡಬಹುದು. ಆದೇಶದ ಪ್ರತಿಯನ್ನು ಸ್ಥಾಯಿ ಸಮಿತಿಗೆ ಮತ್ತು ಸಂಬಂಧಪಟ್ಟ ಸಚಿವಾಲಯಕ್ಕೆ ಕಳಿಸಿದರಾಯಿತು. ಯಾವ ಕಾರಣ ಸಾಕು, ಯಾವುದು ಸಾಲದು ಎಂಬುದಕ್ಕೆ ಅಲ್ಲಿ ಅಳತೆಗೋಲಿಲ್ಲ. ನೀರಿಗಾಗಿ ಕಾಯುತ್ತಿರುವ ಊರಿನವರಿಗೆ ಆ ಪ್ರತಿಯನ್ನು ತಲುಪಿಸಬೇಕೆಂಬ ಷರತ್ತೂ ಇಲ್ಲ.

ಬಳ್ಳಾರಿಯ ಮಟ್ಟಿಗೆ ಇನ್ನೂ ಒಂದು ತೊಡಕಿದೆ. ಇಲ್ಲಿ ನೀರಿನ ಕೆಲಸಕ್ಕೆ ಹಣ ಒಂದೇ ಚೀಲದಿಂದ ಬರುವುದಿಲ್ಲ. 2015ರ ಅಮೃತ್ ಯೋಜನೆಗೆ ಆಯ್ಕೆಯಾದ ರಾಜ್ಯದ ನಗರಗಳಲ್ಲಿ ಬಳ್ಳಾರಿಯೂ ಒಂದು. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಅಮೃತ್‌ನ ಎರಡನೇ ಹಂತದಲ್ಲಿ ಈ ಗಾತ್ರದ ನಗರಗಳಿಗೆ ಕೇಂದ್ರದ ಪಾಲು ಮೂರನೇ ಒಂದರಷ್ಟು. ಆ ಹಣದಲ್ಲಿ ಕೊಂಡ ಪಂಪಿಗೆ ಸ್ವದೇಶಿ ನಿಯಮ ಅನ್ವಯಿಸುತ್ತದೆ. ಅದೇ ಪಂಪನ್ನು, ಗಣಿ ಗುತ್ತಿಗೆದಾರರ ವಂತಿಗೆಯಿಂದ ತುಂಬುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಿಂದ ಕೊಂಡರೆ, ಅದು ಕೇಂದ್ರದ ಅನುದಾನವಲ್ಲವಾದ್ದರಿಂದ, ಲೆಕ್ಕಕ್ಕೆ ಬರುವುದು ರಾಜ್ಯದ ಖರೀದಿ ನಿಯಮ. ವಿಶ್ವಬ್ಯಾಂಕ್ ಅಥವಾ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕೊಂಡರೆ ಸಾಲಕೊಟ್ಟವರ ಖರೀದಿ ವಿಧಿಯೇ ಅಂತಿಮ. ಪಂಪೂ ಒಂದೇ, ಅದು ಎತ್ತುವ ನೀರೂ ಒಂದೇ. ನಿಯಮಗಳು ಮಾತ್ರ ಮೂರು. ಸ್ವದೇಶಿ ತತ್ವ ಅಷ್ಟು ಪವಿತ್ರವಾಗಿದ್ದರೆ ಚೀಲ ಬದಲಾದೊಡನೆ ಅದು ಬದಲಾಗುವುದೇಕೆ? ಅಷ್ಟು ಪವಿತ್ರವಲ್ಲದಿದ್ದರೆ, ಸಡಿಲಿಕೆಯ ಮಾತೆತ್ತಿದ ಎಂಜಿನಿಯರನ್ನು ದೇಶದ್ರೋಹಿಯಂತೆ ನೋಡುವುದೇಕೆ?

ವಾಸ್ತವದಲ್ಲಿ ಸಡಿಲಿಕೆ ಬೇಕಾಗುವ ಸಾಮಗ್ರಿಗಳ ಪಟ್ಟಿ ಚಿಕ್ಕದು. ನಗರ ನೀರು ಯೋಜನೆಯ ವೆಚ್ಚದ ದೊಡ್ಡ ಪಾಲು ಕೊಳವೆಗೆ ಮತ್ತು ಅದನ್ನು ಹೂಳುವ ಅಗೆತಕ್ಕೆ ಹೋಗುತ್ತದೆ. ಕಬ್ಬಿಣದ ಕೊಳವೆಯಲ್ಲಿ ಕನ್ನಡ ನಾಡಿಗೆ ದೀರ್ಘ ಅನುಭವವಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆ ಎರಕದ ಕೊಳವೆಗಳನ್ನೂ ತಯಾರಿಸಿತ್ತು. ಪಂಪಿನ ಮಾತಿಗೆ ಬಂದರೆ, ಕಿರ್ಲೋಸ್ಕರ್ ಉದ್ಯಮ ಹುಟ್ಟಿದ್ದೇ ಬೆಳಗಾವಿಯಲ್ಲಿ. ಉಕ್ಕು ಸಚಿವಾಲಯದ 2017ರ ನೀತಿಯೂ, ಬೇಕಾದ ದರ್ಜೆಯ ಉಕ್ಕು ದೇಶದಲ್ಲಿ ತಯಾರಾಗದಿದ್ದರೆ ಅಥವಾ ಬೇಕಾದ ಪ್ರಮಾಣದಲ್ಲಿ ಸಿಗದಿದ್ದರೆ ಮಾತ್ರ ವಿನಾಯಿತಿ ಎನ್ನುತ್ತದೆ. ಬಳ್ಳಾರಿಯಲ್ಲಿ ಕುಳಿತು ಕಬ್ಬಿಣ ಸಿಗುವುದಿಲ್ಲ ಎಂದು ಅರ್ಜಿ ಬರೆಯುವುದು ಸಮುದ್ರದ ದಂಡೆಯಲ್ಲಿ ಉಪ್ಪಿಲ್ಲ ಎಂದಂತೆ.

ಕಷ್ಟವಿರುವುದು ಬೇರೆಡೆ. ನೀರು ಶೋಧಿಸುವ ಆರ್‌ಒ ಪೊರೆಗಳು ಬಹುಪಾಲು ಹೊರಗಿನಿಂದಲೇ ಬರುತ್ತವೆ. ಸೋರಿಕೆ ಪತ್ತೆಯ ಉಪಕರಣ, ದೊಡ್ಡ ಕೊಳವೆಗಳ ಹರಿವು ಅಳೆಯುವ ನಿಖರ ಮೀಟರು, ಇಡೀ ಜಾಲವನ್ನು ಒಂದೆಡೆಯಿಂದ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಯ ಬಿಡಿಭಾಗಗಳು ಇವುಗಳಲ್ಲೂ ವಿದೇಶಿ ಅಂಶ ಹೆಚ್ಚು. ಒಟ್ಟು ವೆಚ್ಚದಲ್ಲಿ ಇವುಗಳ ಪಾಲು ಸಣ್ಣದಾದರೂ ಕೊಳವೆಯಲ್ಲಿ ಹರಿಯುವ ನೀರಿನ ಲೆಕ್ಕ ಹೇಳುವುದು ಇವೇ. ಇಂಥ ಒಂದು ಸಾಮಗ್ರಿಗಾಗಿ ಟೆಂಡರ್ ಮೇಲೆ ಟೆಂಡರ್ ಕರೆದು ವರ್ಷ ಕಳೆಯುವುದು ಸ್ವದೇಶಾಭಿಮಾನವಲ್ಲ. ಹಾಗೆ ಕಳೆದುಹೋದ ವರ್ಷದ ಬೆಲೆಯನ್ನು ತೆರುವವರು ಟ್ಯಾಂಕರಿಗೆ ದುಡ್ಡು ಕೊಡುವ ಗೃಹಿಣಿಯರು, ನೀರಿಲ್ಲದೆ ಕೆಲಸ ನಿಲ್ಲಿಸುವ ಜೀನ್ಸ್ ತೊಳೆಯುವ ಘಟಕಗಳ ಕಾರ್ಮಿಕರು.

ಹಾಗೆಂದು ಬಾಗಿಲನ್ನು ಹಾರುಹೊಡೆದು ತೆರೆದರೆ ಇನ್ನೊಂದು ಅಪಾಯ ಕಾದಿದೆ. ಯಂತ್ರ ಕೊಳ್ಳುವುದು ಒಂದು ದಿನದ ಕೆಲಸ. ಅದನ್ನು ನಡೆಸುವುದು ಇಪ್ಪತ್ತು ವರ್ಷಗಳ ಕೆಲಸ. ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಸ್ಥಾಪನೆಯಾದ ಶುದ್ಧ ನೀರಿನ ಘಟಕಗಳಲ್ಲಿ ಎಷ್ಟೋ ಘಟಕಗಳು, ಪೊರೆ ಬದಲಿಸುವವರಿಲ್ಲದೆ, ಬಿಡಿಭಾಗ ಸಿಗದೆ ಬೀಗ ಹಾಕಿಕೊಂಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಪಕ್ಕದ ರಾಯಚೂರಿನಲ್ಲಿ 2022ರ ಮೇ–ಜೂನ್‌ನಲ್ಲಿ ನಗರಸಭೆ ಪೂರೈಸಿದ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಚರ್ಚೆಯಾದದ್ದು ರಾಂಪುರದ ಶುದ್ಧೀಕರಣ ಘಟಕದ ನಿರ್ವಹಣೆಯೇ ಹೊರತು ಅದರ ಯಂತ್ರ ಯಾವ ದೇಶದ್ದೆಂಬುದಲ್ಲ.

ಸ್ವದೇಶಿ ವಾದಕ್ಕೆ ಬಲ ಕೊಡುವ ನಿದರ್ಶನ ನಮ್ಮ ಕಣ್ಣೆದುರಿಗೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ನದಿಗೆ ಹರಿಯತೊಡಗಿದಾಗ ಮೂರು ರಾಜ್ಯಗಳ ರೈತರು ಕಂಗಾಲಾದರು; ಬಳ್ಳಾರಿಯ ಕುಡಿಯುವ ನೀರೂ ಕಾಲುವೆಗಳ ಮೂಲಕ ಬರುವುದು ಅಲ್ಲಿಂದಲೇ. ಆಗ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹೊಸಪೇಟೆ–ತೋರಣಗಲ್ಲು ಸುತ್ತಿನ ಕಾರ್ಖಾನೆಗಳಲ್ಲಿ ಸ್ಟಾಪ್‌ಲಾಗ್ ಸಿದ್ಧವಾಯಿತು. ಹರಿಯುವ ನೀರಿನಲ್ಲೇ ಅದನ್ನು ಇಳಿಸಿ ವಾರದೊಳಗೆ ಸೋರಿಕೆ ತಡೆಯಲಾಯಿತು. ವಿದೇಶಕ್ಕೆ ಬೇಡಿಕೆ ಕಳಿಸಿ ಹಡಗು ಕಾಯುತ್ತಿದ್ದರೆ ಜಲಾಶಯ ಬರಿದಾಗುತ್ತಿತ್ತು. ಕೈಗೆಟುಕುವ ದೂರದಲ್ಲಿ ಕಾರ್ಖಾನೆ ಇರುವುದರ ಬೆಲೆ ಟೆಂಡರಿನ ದರಪಟ್ಟಿಯಲ್ಲಿ ಕಾಣುವುದಿಲ್ಲ. ವಿಪತ್ತಿನ ರಾತ್ರಿ ಮಾತ್ರ ಕಾಣುತ್ತದೆ.

ಆದರೆ ಇದರಿಂದ ಎಲ್ಲವನ್ನೂ ಇಲ್ಲಿಯೇ ಮಾಡಬಹುದೆಂಬ ತೀರ್ಮಾನಕ್ಕೆ ಬರುವುದೂ ಆತುರವೇ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಲಯಗಳಲ್ಲಿ ವಿಶ್ವಬ್ಯಾಂಕ್ ಸಾಲದ ನೆರವಿನಿಂದ, ಫ್ರಾನ್ಸ್ ಮೂಲದ ಕಂಪನಿಯ ನಿರ್ವಹಣೆಯಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ 2008ರ ಹೊತ್ತಿಗೆ ಫಲ ಕೊಟ್ಟಿತು. ಇಲ್ಲಿನ ಊರುಗಳಲ್ಲಿ ಇದು ಸಾಧ್ಯವೇ ಇಲ್ಲ ಎಂಬ ನಂಬಿಕೆಯನ್ನು ಅದು ಸುಳ್ಳಾಗಿಸಿತು. ಆದರೆ ಆಯ್ದ ವಲಯಗಳಾಚೆಗೆ, ಇಡೀ ನಗರಗಳಿಗೆ ಅದನ್ನು ವಿಸ್ತರಿಸುವ ಸಾಲಕ್ಕೆ ಬ್ಯಾಂಕಿನ ಮಂಜೂರಾತಿ ದೊರೆತದ್ದು 2016ರಲ್ಲಿ. ಹೊರಗಿನ ಕೌಶಲ ದಾರಿ ತೋರಿಸಬಲ್ಲದು. ಆ ದಾರಿಯಲ್ಲಿ ನಡೆಯಬೇಕಾದದ್ದು ಊರಿನ ಆಡಳಿತವೇ.

ಇತ್ತ ಸ್ವದೇಶಿ ನಿಯಮಕ್ಕೆ ಮೇಲಿನಿಂದಲೂ ಸಡಿಲಿಕೆ ಬರುತ್ತಿದೆ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ, ಕೇಂದ್ರದ ದೊಡ್ಡ ಖರೀದಿಗಳಲ್ಲಿ ಬ್ರಿಟಿಷ್ ಪೂರೈಕೆದಾರರನ್ನು ಎರಡನೇ ದರ್ಜೆಯವರೆಂದು ಪರಿಗಣಿಸಲು ಭಾರತ ಒಪ್ಪಿದೆ. ರಾಜ್ಯಗಳು ಮತ್ತು ಸ್ಥಳೀಯ ಸಂಸ್ಥೆಗಳ ಖರೀದಿಯನ್ನು ಅದರಿಂದ ಹೊರಗಿಡಲಾಗಿದೆ. ಅಂದರೆ ವ್ಯಾಪಾರದ ಲಾಭಕ್ಕಾಗಿ ದೆಹಲಿ ತನ್ನ ನಿಯಮವನ್ನು ಸಡಿಲಿಸಬಲ್ಲದು. ಬಾಯಾರಿದ ವಾರ್ಡಿಗಾಗಿ ಪಾಲಿಕೆಯೊಂದು ಅದನ್ನೇ ಕೇಳಿದರೆ ಆ ಅರ್ಜಿಯನ್ನೂ ಗೌರವದಿಂದ ಪರಿಶೀಲಿಸಬೇಕಲ್ಲವೇ?

ಹೇಗೆ ಪರಿಶೀಲಿಸಬೇಕೆಂಬುದಕ್ಕೆ ಅಮೆರಿಕದ ಪದ್ಧತಿ ಗಮನಾರ್ಹ. ಸ್ವದೇಶಿ ಖರೀದಿಯ ವಿಷಯದಲ್ಲಿ ಆ ದೇಶ ನಮಗಿಂತ ಕಟ್ಟುನಿಟ್ಟು. 2009ರ ಆರ್ಥಿಕ ಪುನಶ್ಚೇತನ ಕಾಯ್ದೆ, ಕುಡಿಯುವ ನೀರಿನ ಯೋಜನೆಗಳಿಗೆ ಅಮೆರಿಕದ ಕಬ್ಬಿಣವನ್ನೇ ಬಳಸಬೇಕೆಂಬ 2014ರ ಕಾನೂನು, 2021ರ ಮೂಲಸೌಕರ್ಯ ಕಾಯ್ದೆ ಎಲ್ಲವೂ ಇದನ್ನೇ ಹೇಳುತ್ತವೆ. ಆದರೆ ಸಣ್ಣ ಪಟ್ಟಣವೊಂದು ತನ್ನ ನೀರಿನ ಘಟಕಕ್ಕೆ ವಿದೇಶಿ ಉಪಕರಣ ಬೇಕೆಂದರೆ ಅದಕ್ಕೆ ಮೂರು ಆಧಾರಗಳಿವೆ: ದೇಶದಲ್ಲಿ ಸಾಕಷ್ಟು ಪ್ರಮಾಣ ಮತ್ತು ಗುಣಮಟ್ಟದಲ್ಲಿ ಸಿಗದಿರುವುದು, ಸ್ವದೇಶಿ ಖರೀದಿಯಿಂದ ಯೋಜನೆಯ ವೆಚ್ಚ ಶೇ 25ಕ್ಕೂ ಹೆಚ್ಚು ಏರುವುದು, ಅಥವಾ ಸಾರ್ವಜನಿಕ ಹಿತ. 2014ರ ಕಾನೂನಿನಡಿ ಅಂಥ ಅರ್ಜಿಯನ್ನು ಕನಿಷ್ಠ 15 ದಿನ ಸಾರ್ವಜನಿಕರ ಮುಂದಿಡಲೇಬೇಕು. ಆ ಉಪಕರಣವನ್ನು ತಾನೇ ತಯಾರಿಸಬಲ್ಲೆ ಎನ್ನುವ ಕಾರ್ಖಾನೆ ಆಗ ಮುಂದೆ ಬರಬಹುದು. ಇದು ಯಾರದೋ ಲಾಭಕ್ಕೆ ಮಾಡಿದ ಅರ್ಜಿ ಎಂದು ಶಂಕಿಸುವ ನಾಗರಿಕನೂ ಬರಬಹುದು.

ನಮ್ಮಲ್ಲಿ ಈ ಹದಿನೈದು ದಿನಗಳೇ ಇಲ್ಲ. ವಿನಾಯಿತಿ ಎಂಬ ಪದ ಕೇಳಿದೊಡನೆ ಕರ್ನಾಟಕದ ಓದುಗರಿಗೆ ನೆನಪಾಗುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4(ಜಿ) ಕಲಂ. ನಿರ್ದಿಷ್ಟ ಖರೀದಿಗೆ ಟೆಂಡರಿನಿಂದಲೇ ವಿನಾಯಿತಿ ಕೊಡಲು ಅವಕಾಶವಿರುವ ಆ ಕಲಮನ್ನು ಒಂದು ಪಕ್ಷ ಆಡಳಿತದಲ್ಲಿದ್ದಾಗ ಬಳಸುವುದು, ವಿರೋಧದಲ್ಲಿದ್ದಾಗ ಟೀಕಿಸುವುದು ನಡೆದೇ ಬಂದಿದೆ. ಅಪವಾದಕ್ಕೆಂದು ಇಟ್ಟ ಕಿಂಡಿ ಹೆಬ್ಬಾಗಿಲಾಗುವುದು ಹೀಗೆ. ಕೇಂದ್ರದ ಸ್ವದೇಶಿ ಆದೇಶದ ವಿನಾಯಿತಿಗೂ ಇದೇ ಗತಿ ಬರಬಾರದೆಂದಿದ್ದರೆ ಕೆಲವು ಷರತ್ತುಗಳು ಅನಿವಾರ್ಯ.

ಮೊದಲನೆಯದಾಗಿ, ವಿನಾಯಿತಿ ಸಾಮಗ್ರಿಗೆ ಸಿಗಬೇಕು, ಯೋಜನೆಗಲ್ಲ. ಹರಿವಿನ ಮೀಟರು ಇಲ್ಲಿ ಸಿಗದೆಂಬ ನೆಪದಲ್ಲಿ ಕೊಳವೆಯೂ ಹೊರಗಿನಿಂದ ಬರಬಾರದು. ಎರಡನೆಯದಾಗಿ, ಕಾರಣವನ್ನು ಕನ್ನಡದಲ್ಲಿ ಬರೆದು ಪಾಲಿಕೆಯ ಸೂಚನಾ ಫಲಕದಲ್ಲೂ ಅಂತರಜಾಲ ತಾಣದಲ್ಲೂ ಕನಿಷ್ಠ ಹದಿನೈದು ದಿನ ಪ್ರಕಟಿಸಬೇಕು. ಸಾಮಾನ್ಯ ಸಭೆಯಲ್ಲಿ ಚರ್ಚೆಯಾಗಬೇಕು. ಮೂರನೆಯದಾಗಿ, ಬಿಡಿಭಾಗಗಳ ಪೂರೈಕೆ ಮತ್ತು ಪಾಲಿಕೆಯ ಸಿಬ್ಬಂದಿಗೆ ತರಬೇತಿ ಕರಾರಿನಲ್ಲಿಯೇ ಸೇರಿರಬೇಕು. ಕೊನೆಯದಾಗಿ, ಹಣ ಯಾವ ಚೀಲದ್ದೇ ಆಗಲಿ, ಕುಡಿಯುವ ನೀರಿನ ಉಪಕರಣಗಳಿಗೆ ರಾಜ್ಯದಲ್ಲಿ ಒಂದೇ ನಿಯಮವಿರಬೇಕು. ಸಾಲ ಕೊಟ್ಟವರ ಷರತ್ತುಗಳನ್ನು ಬದಲಿಸಲಾಗದಿದ್ದರೂ ಪ್ರಕಟಣೆಯ ನಿಯಮವನ್ನು ಎಲ್ಲಕ್ಕೂ ಅನ್ವಯಿಸಲು ಅಡ್ಡಿಯೇನಿಲ್ಲ.

ಇದರಿಂದ ಯೋಜನೆಗಳು ಮತ್ತಷ್ಟು ವಿಳಂಬವಾಗುತ್ತವೆ ಎಂದು ಅಧಿಕಾರಿಗಳು ಹೇಳಬಹುದು. ಆಡಳಿತಾತ್ಮಕ ಅನುಮೋದನೆ, ಮರುಟೆಂಡರು, ನ್ಯಾಯಾಲಯದ ತಡೆಯಾಜ್ಞೆಗಳಲ್ಲಿ ವರ್ಷಗಳು ಉರುಳುವಲ್ಲಿ ಹದಿನೈದು ದಿನಗಳು ಭಾರವಾಗಲಾರವು. ಮುಚ್ಚಿಟ್ಟ ವಿನಾಯಿತಿಯೇ ನ್ಯಾಯಾಲಯದ ಮೆಟ್ಟಿಲೇರುವುದು ಹೆಚ್ಚು, ತೆರೆದಿಟ್ಟದ್ದು ಅಲ್ಲ.

ಕೌಲು ಎಂದರೆ ಕರಾರು, ಕೊಟ್ಟ ಮಾತು. ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಬಳ್ಳಾರಿಯ ಈ ಬಡಾವಣೆಗೆ ಆ ಪದ ಹೆಸರಾಗಿ ಅಂಟಿಕೊಂಡಿದೆ. ನಳ ಜೋಡಿಸಿ ಕಂದಾಯ ಪಡೆಯುವ ಪಾಲಿಕೆಯೂ ಜನರೊಡನೆ ಒಂದು ಕೌಲು ಮಾಡಿಕೊಂಡಂತೆಯೇ. ಕರಾರಿನ ಷರತ್ತೊಂದನ್ನು ಸಡಿಲಿಸುವಾಗ ಇನ್ನೊಂದು ಪಕ್ಷಕ್ಕೆ ಕಾರಣ ತಿಳಿಸುವುದು ಸೌಜನ್ಯವಲ್ಲ, ಕರ್ತವ್ಯ. ಪಂಪು ಬೆಳಗಾವಿಯಿಂದ ಬರಲಿ, ಬರ್ಲಿನ್‌ನಿಂದ ಬರಲಿ; ಅದನ್ನು ಅಲ್ಲಿಂದ ಏಕೆ ತಂದರೆಂಬುದು ಕೊಡ ಹಿಡಿದು ನಿಂತವರಿಗೆ ಮೊದಲು ಗೊತ್ತಾಗಲಿ.